ಆನೆ ಕಾಸಿಗೆ ಓರೆ ಬೆಳಕು

ಟಿಪ್ಪುವಿನ ತಾಮ್ರದ ಆನೆ ಕಾಸಿಗೆ ಫ್ಲಾಶ್ ಹಾಕಿ ಫೋಟೋ ತೆಗೆದರೆ ಆನೆಯೇನೋ ಕಾಣುತ್ತೆ, ಸವೆದ ಇಸವಿ ಮಾತ್ರ ಮಾಯ. ಕುತೂಹಲದ ಕಥೆ ಇರೋದೇ ಆ ನಾಲ್ಕು ಅಂಕಿಯಲ್ಲಿ!

ಫ್ಲಾಶ್ ಆರಿಸಿ. ಟೇಬಲ್ ಲ್ಯಾಂಪನ್ನು ಹೆಚ್ಚುಕಮ್ಮಿ ನಾಣ್ಯದ ಮಟ್ಟಕ್ಕೇ ಇಳಿಸಿ, ಮೇಲಿನ ಎಡಮೂಲೆಯಿಂದ ಓರೆಯಾಗಿ ಬೆಳಕು ಬಿಡಿ. ಅಳಿದುಳಿದ ಉಬ್ಬಿಗೂ ನೆರಳು ಬೀಳುತ್ತೆ. (ಕೆಳಗಡೆಯಿಂದ ಬಿಟ್ಟರೆ ಉಬ್ಬೆಲ್ಲ ತಗ್ಗಿನ ಹಾಗೆ ಕಂಡು ಕಣ್ಣು ಮೋಸಹೋಗುತ್ತೆ.)

ಈಗ ಪರ್ಷಿಯನ್ ಅಂಕಿ ಓದಿ: 8121. ಗಾಬರಿಯಾಗಬೇಡಿ :) 1787ರಲ್ಲಿ ಟಿಪ್ಪು ಹಿಜರಿ ಬಿಟ್ಟು ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ; ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಅಂದರೆ ಇದು 1218, ನಮ್ಮ ಲೆಕ್ಕಕ್ಕೆ 1790-91. ಮೂರನೇ ಮೈಸೂರು ಯುದ್ಧ ನಡೀತಿದ್ದ ಕಾಲ. ಎಡತುದಿಯ ಆ 8 ಕಾಣದಿದ್ದರೆ, ಕಾಸು ಯುದ್ಧಕ್ಕೆ ಮುಂಚಿನದೋ ಯುದ್ಧದ ಕಾಲದ್ದೋ ಹೇಳೋದು ಕಷ್ಟ.