ಸರ್ಕ್ಯೂಟ್ ಬೋರ್ಡಿನ ಗ್ರೌಂಡ್ ಸೀಳಿದರೆ ತೊಂದರೆ ಹೋಗುತ್ತದೆಯೇ? ಅರ್ಧ ಸತ್ಯದ ಪೂರ್ತಿ ಕಥೆ

ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಮನೆಯಲ್ಲಿ ಕುಳಿತು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಹೊಲದಲ್ಲಿ ಮೋಟಾರು ತಿರುಗುತ್ತದೆ. ಇದು ಮೊಬೈಲ್ ಸ್ಟಾರ್ಟರ್‌ನ ಕೆಲಸ. ಆದರೆ ಅದೇ ಸ್ಟಾರ್ಟರ್ ಯಾರೂ ಹೇಳದೆ ಆನ್ ಆದರೆ? ಆ ಹೊತ್ತಿಗೆ ಯಾರಾದರೂ ಮೋಟಾರಿನ ಮೇಲೆ ಕೈ ಇಟ್ಟಿದ್ದರೆ? ಆಗ ಇದು ಬರೀ ರಿಪೇರಿಯ ಮಾತಲ್ಲ, ಜೀವದ ಪ್ರಶ್ನೆ.

ಇಂಥ ತೊಂದರೆಗೆ ಎಲೆಕ್ಟ್ರಾನಿಕ್ಸ್ ಕಲಿಯುವವರ ನಡುವೆ ಒಂದು ಹಳೆಯ ಸಲಹೆ ಓಡಾಡುತ್ತದೆ: "ಬೋರ್ಡಿನ ಗ್ರೌಂಡ್ ಪದರವನ್ನು ಎರಡು ಭಾಗ ಮಾಡಿ. ಸೆನ್ಸರ್‌ಗೆ ಒಂದು, ಡಿಜಿಟಲ್ ಚಿಪ್‌ಗೆ ಇನ್ನೊಂದು. ಗದ್ದಲ ಆ ಕಡೆಯಿಂದ ಈ ಕಡೆಗೆ ಬರುವುದಿಲ್ಲ." ಇದು ನಿಜವೇ?

ಚುಟುಕು ಉತ್ತರ

ಅರ್ಧ ನಿಜ. ಸೀಳಿದ ಜಾಗದ ಮೇಲೆ ಒಂದೇ ಒಂದು ಸಿಗ್ನಲ್ ಗೆರೆ ಹಾದುಹೋದರೂ ಗದ್ದಲ ಕಡಿಮೆಯಾಗುವ ಬದಲು ಹೆಚ್ಚಾಗಬಹುದು.

ಹೋದ ಕರೆಂಟ್ ವಾಪಸ್ ಬರಲೇಬೇಕು

ಬೋರ್ಡಿನ ಮೇಲೆ ಕಾಣುವ ತಾಮ್ರದ ಗೆರೆ, ಅಂದರೆ ಟ್ರೇಸ್, ಕಥೆಯ ಅರ್ಧ ಭಾಗ ಮಾತ್ರ. ಆ ಗೆರೆಯಲ್ಲಿ ಹೋದ ಕರೆಂಟ್ ಹೊರಟಲ್ಲಿಗೆ ಮರಳಿ ಬರಬೇಕು. ಆ ದಾರಿ ಕೆಳಗಿರುವ ಅಗಲವಾದ ತಾಮ್ರದ ಹಾಳೆ. ಅದನ್ನೇ ಗ್ರೌಂಡ್ ಪ್ಲೇನ್ ಎನ್ನುತ್ತಾರೆ.

"ಕರೆಂಟ್ ಯಾವಾಗಲೂ ಹತ್ತಿರದ ದಾರಿ ಹಿಡಿಯುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. ಅದೂ ಪೂರ್ತಿ ಸರಿಯಲ್ಲ. ನಿಧಾನವಾಗಿ ಬದಲಾಗುವ ಕರೆಂಟ್ ಕಡಿಮೆ ರೆಸಿಸ್ಟೆನ್ಸ್ ಇರುವ ಕಡೆ ಹಾಳೆಯ ತುಂಬ ಹರಡಿಕೊಂಡು ಬರುತ್ತದೆ. ವೇಗವಾಗಿ ಬದಲಾಗುವ ಕರೆಂಟ್ ಮಾತ್ರ ಕಡಿಮೆ ಇಂಡಕ್ಟೆನ್ಸ್ ಇರುವ ದಾರಿ ಹುಡುಕುತ್ತದೆ. ಅಂದರೆ ಟ್ರೇಸ್ ಎತ್ತ ತಿರುಗಿದರೆ ಅತ್ತ, ಸರಿಯಾಗಿ ಅದರ ಅಡಿಯಲ್ಲೇ ನೆರಳಿನಂತೆ ಮರಳುತ್ತದೆ.

ಗೊರೂರು ದಾರಿ ಬಂದ್ ಆದರೆ?

ನೀವು ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡಿಗೆ ಹೋದಿರಿ ಎಂದುಕೊಳ್ಳಿ. ಮರಳುವಾಗ ಗೊರೂರಿನ ಬಳಿ ಹೇಮಾವತಿ ದಾಟುವ ದಾರಿ ಬಂದ್. ಆಗ ಹೊಳೆನರಸೀಪುರದ ಮೇಲೆ ಸುತ್ತಿ ಬರಬೇಕು. ಹೋಗಿದ್ದು ಒಂದು ದಾರಿ, ಬಂದಿದ್ದು ಇನ್ನೊಂದು. ನಡುವೆ ಹೊಲ, ತೋಟ, ಊರು ಎಲ್ಲ ನಿಮ್ಮ ಸುತ್ತಿನೊಳಗೆ ಬಂದವು.

ಬೋರ್ಡಿನಲ್ಲೂ ಹೀಗೆಯೇ. ಮೇಲಿನ ಟ್ರೇಸ್ ಸೀಳನ್ನು ನೇರವಾಗಿ ದಾಟುತ್ತದೆ. ಕೆಳಗಿನ ಕರೆಂಟಿಗೆ ದಾಟಲು ತಾಮ್ರವಿಲ್ಲ, ಸೀಳಿನ ತುದಿಯವರೆಗೆ ಹೋಗಿ ಸುತ್ತಿ ಬರುತ್ತದೆ.

ಒಂದು ಸರಳ ಲೆಕ್ಕ ನೋಡೋಣ. ಟ್ರೇಸ್ ಉದ್ದ 50 ಮಿ.ಮೀ., ಅದರ ಕೆಳಗಿನ ಪ್ಲೇನ್ 0.2 ಮಿ.ಮೀ. ಆಳದಲ್ಲಿದೆ. ಸುತ್ತಿನ ವಿಸ್ತೀರ್ಣ 10 ಚದರ ಮಿ.ಮೀ. ಈಗ 1 ಮಿ.ಮೀ. ಅಗಲದ ಸೀಳು ಅಡ್ಡ ಬಂತು, ಅದರ ತುದಿ 20 ಮಿ.ಮೀ. ದೂರದಲ್ಲಿದೆ. ಇನ್ನೂ 20 ಚದರ ಮಿ.ಮೀ. ಸೇರಿತು. ಒಟ್ಟು 30, ಅಂದರೆ ಮೂರು ಪಟ್ಟು.

ಇಂಥ ಚಿಕ್ಕ ಸುತ್ತು ಹೊರಸೂಸುವ ರೇಡಿಯೋ ಅಲೆಯ ಬಲ ಅದರ ವಿಸ್ತೀರ್ಣಕ್ಕೆ ತಕ್ಕಂತೆ ಏರುತ್ತದೆ. ಆವರ್ತನ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಸೀಳು ತಾನೇ ಒಂದು ಆಂಟೆನಾದಂತೆ ವರ್ತಿಸಬಹುದು. ಒಂದೇ ಸೀಳನ್ನು ದಾಟುವ ಹಲವು ಟ್ರೇಸ್‌ಗಳ ಸಿಗ್ನಲ್ ಒಂದರೊಳಗೊಂದು ಬೆರೆಯುತ್ತದೆ. ಆಂಟೆನಾ ಹೊರಕ್ಕೆ ಕಳಿಸುವಂತೆ ಒಳಕ್ಕೂ ಎಳೆದುಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ.

ನಮ್ಮ ಚಿಪ್ ನಿಧಾನದ್ದು, ನಮಗೇನು?

ಇದೂ ತಪ್ಪು ಕಲ್ಪನೆ. ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎನ್ನುವುದಕ್ಕಿಂತ, ಬದಲಾಗುವಾಗ ಎಷ್ಟು ಬೇಗ ಬದಲಾಗುತ್ತದೆ ಎನ್ನುವುದು ಮುಖ್ಯ. ಸೆಕೆಂಡಿಗೆ ಒಮ್ಮೆ ಮಾತ್ರ ಬದಲಾದರೂ, ಆ ಬದಲಾವಣೆ 1 ನ್ಯಾನೋಸೆಕೆಂಡಿನಲ್ಲಿ ಮುಗಿದರೆ ಅದರಲ್ಲಿ ಸುಮಾರು 350 ಮೆಗಾಹರ್ಟ್ಸ್‌ವರೆಗಿನ ಅಂಶ ಇರುತ್ತದೆ.

ಮೊಬೈಲ್ ಸ್ಟಾರ್ಟರ್‌ನಲ್ಲಿ ಇನ್ನೊಂದು ಕಾಟವಿದೆ. ಕಾಲ್ ಬರುವ ಮುಂಚೆ ಪಕ್ಕದ ಸ್ಪೀಕರ್‌ನಲ್ಲಿ "ಟ ಟ ಟ್ರ್ರ್" ಎಂಬ ಸದ್ದು ಕೇಳಿದ್ದೀರಲ್ಲ? 2ಜಿ ಮೊಬೈಲ್ ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಸಿಗ್ನಲ್ ಕಳಿಸುವುದರಿಂದ ಬರುವ ಸದ್ದು ಅದು. 2ಜಿ ಸಿಮ್ ಹಾಕುವ ಮಾಡ್ಯೂಲ್ ಪ್ರತಿ ತುಂಡಿಗೂ 2 ಆಂಪಿಯರ್‌ವರೆಗೆ ಕರೆಂಟ್ ಎಳೆಯಬಹುದು. ಪಕ್ಕದಲ್ಲೇ ಸೀಳು ದಾಟುವ ರಿಲೇ ಕಂಟ್ರೋಲ್ ಗೆರೆ ಇದ್ದರೆ, ಚಿಪ್ ಇಲ್ಲದ ಆಜ್ಞೆಯನ್ನು "ಕೇಳಿಸಿಕೊಳ್ಳುವ" ಅಪಾಯವಿದೆ.

ಹಾಸನದಲ್ಲೇ ಇರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳೊಂದಿಗೆ ಮಾತಾಡುತ್ತಿದೆ. ಅಷ್ಟು ದೂರದಿಂದ ಬರುವ ಸಿಗ್ನಲ್ ತೀರಾ ಕ್ಷೀಣ. ಅಲ್ಲಿಯಾಗಲಿ ಹೊಲದಲ್ಲಾಗಲಿ ನಿಯಮ ಒಂದೇ: ಮರಳುವ ದಾರಿಯನ್ನು ಮೊದಲು ನೋಡಿ.

ಹಾಗಾದರೆ ಏನು ಮಾಡಬೇಕು?

- ಸಾಧ್ಯವಾದಷ್ಟೂ ಗ್ರೌಂಡ್ ಪ್ಲೇನ್ ಅಖಂಡವಾಗಿರಲಿ. ಸೆನ್ಸರ್ ಭಾಗ ಒಂದು ಕಡೆ, ಡಿಜಿಟಲ್ ಭಾಗ ಇನ್ನೊಂದು ಕಡೆ ಇಡಿ. ಹಾಳೆ ಸೀಳುವ ಬದಲು ಜಾಗ ಹಂಚಿ.
- ಸೀಳು ಬೇಕೇ ಬೇಕೆಂದರೆ ಎರಡೂ ಭಾಗ ಸೇರುವ "ಸೇತುವೆ"ಯ ಮೇಲಿಂದಲೇ ಟ್ರೇಸ್ ಒಯ್ಯಿರಿ.
- ಕೆಳಗಿರುವುದು 5 ವೋಲ್ಟ್, 3.3 ವೋಲ್ಟ್ ಎಂದು ಭಾಗವಾದ ಪವರ್ ಪ್ಲೇನ್ ಆಗಿದ್ದರೆ, ದಾಟುವ ಜಾಗದ ಪಕ್ಕದಲ್ಲೇ ಎರಡರ ನಡುವೆ ಕೆಪಾಸಿಟರ್ ಹಾಕಿ. ವೇಗದ ಕರೆಂಟಿಗೆ ಅದು ಕಾಲುಸಂಕದಂತೆ.
- ಎರಡು ಪದರದ ಖಾಲಿ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ತಾಮ್ರ ಕಪ್ಪಾಗಿ, ಸೀಳು ಬೆಳಕಿನ ಗೆರೆಯಾಗಿ ಕಾಣುತ್ತದೆ.

ಎಚ್ಚರ: ಈ ಸೀಳನ್ನು ಮುಚ್ಚಬೇಡಿ

ಸ್ಟಾರ್ಟರ್ ಬೋರ್ಡಿನಲ್ಲಿ 415 ವೋಲ್ಟಿನ ತ್ರೀ ಫೇಸ್ ಭಾಗಕ್ಕೂ ಚಿಪ್ ಇರುವ ಭಾಗಕ್ಕೂ ನಡುವೆ ಅಗಲವಾದ ಖಾಲಿ ಜಾಗ ಇರುತ್ತದೆ. ಅದು ಗದ್ದಲಕ್ಕಲ್ಲ, ನಿಮ್ಮ ಪ್ರಾಣಕ್ಕೆ. ಅಲ್ಲಿ ಸಿಗ್ನಲ್ ದಾಟುವುದು ರಿಲೇ ಅಥವಾ ಆಪ್ಟೋಕಪ್ಲರ್ ಮೂಲಕ. "ಗ್ರೌಂಡ್ ಒಂದೇ ಇರಬೇಕಂತೆ" ಎಂದು ಅಲ್ಲಿ ವೈರ್ ಬೆಸುಗೆ ಹಾಕಬೇಡಿ. ಹಾಗೆಯೇ, ಮೋಟಾರು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಆಫ್ ಮಾಡಿದ್ದೇನೆ ಎಂಬ ನಂಬಿಕೆ ಸಾಲದು.

ನಮ್ಮ ತೀರ್ಮಾನ

"ಗ್ರೌಂಡ್ ಸೀಳಿದರೆ ಗದ್ದಲ ಹೋಗುತ್ತದೆ" ಎಂಬುದು ಅರ್ಧ ಸತ್ಯ. ಸುರಕ್ಷತೆಯ ಅಂತರ ಬೇಕು, ಕಾರಣವಿಲ್ಲದ ಸೀಳು ಬೇಡ, ಸೀಳಿನ ಮೇಲೆ ಟ್ರೇಸ್ ಅಂತೂ ಬೇಡವೇ ಬೇಡ. ನಿಮ್ಮೂರಿನಲ್ಲಿ ಸ್ಟಾರ್ಟರ್ ರಿಪೇರಿ ಮಾಡುವವರಿದ್ದರೆ, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿದ್ದರೆ ಅವರಿಗೆ ಇದನ್ನು ಕಳಿಸಿ. ಕಳಿಸುವುದಾದರೆ ಪೂರ್ತಿ ಕಳಿಸಿ, ಎಚ್ಚರಿಕೆಯ ಭಾಗ ಬಿಟ್ಟು ಅಲ್ಲ.