ಬಯಕಿಗೂ ಒಂದು ಇತಿಹಾಸ ಐತಿ



ನಿಮಗ ಏನು ತಿನ್ನಾಕ ಭಾಳ ಇಷ್ಟ ಅಂತ ಯಾರಾದರೂ ಕೇಳಿದರೆ ಥಟ್ಟನೆ ಹೇಳುತ್ತೀರಿ. ಒಬ್ಬರಿಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ. ಇನ್ನೊಬ್ಬರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಜೋಡಿಗೆ ಉಳ್ಳಾಗಡ್ಡಿ. ಮತ್ತೊಬ್ಬರಿಗೆ ಮಟನ್ನಿನ ಖಾರಾ ಸಾರು. ಸಣ್ಣ ಹುಡುಗರಿಗೆ ವಡಾಪಾವ್. ಆದರ ಇದೇ ಪ್ರಶ್ನೆಯನ್ನು ನಿಮ್ಮ ಆಯಿಯ ಆಯಿಗೆ ಯಾರಾದರೂ ಕೇಳಿದ್ದರೇನು? ಬಸುರಿಯ ಬಯಕಿ ತೀರಿಸಬೇಕು ಅಂತ ಎಲ್ಲ ಜಾತಿಯವರೂ ಹೇಳತಾರ. ಕೇರಿಯ ಬಸುರಿಯ ಬಯಕಿಯನ್ನು ಯಾರು ಬರೆದಿಟ್ಟರು? ನಮ್ಮವರ ಹಸಿವಿನ ಮಾತು ಅಲ್ಲೊಂದು ಇಲ್ಲೊಂದು ಸಿಗತೈತಿ. ಬಯಕಿಯ ಮಾತು ಸಿಗೋದು ಕಡಿಮೆ.

ಯಾಕ ಹಿಂಗಾತು? ಹಳೆಯ ಮುಂಬಯಿ ಪ್ರಾಂತದ ಮಹಾರ ವತನವನ್ನು ನೋಡ್ರಿ. ಊರಿನ ಸೀಮೆ ಕಾಯುವುದು, ಸರಕಾರದ ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು, ಇದೆಲ್ಲ ವಂಶಪಾರಂಪರ್ಯದ ಚಾಕರಿ. ಅದಕ್ಕೆ ಪ್ರತಿಯಾಗಿ ತುಂಡು ಹೊಲ, ಸುಗ್ಗಿಯಾಗ ಒಂದಿಷ್ಟು ಕಾಳು, ಮನೆಮನೆಯ ಮುಂದೆ ನಿಂತು ತರುವ ರೊಟ್ಟಿ. ರೊಕ್ಕ ಕೊಟ್ಟರೆ ಮನುಷ್ಯ ಸಂತೆಗೆ ಹೋಗಿ ತನಗೆ ಬೇಕಾದ್ದು ತಂದು ತಿಂತಾನ. ರೊಟ್ಟಿ ಕೊಟ್ಟರೆ ಕೊಟ್ಟವರ ಮನೆಯಲ್ಲಿ ಉಳಿದದ್ದನ್ನೇ ತಿನ್ನಬೇಕು. ಹೊಟ್ಟಿ ತುಂಬಿದರೂ ಆರಿಸುವ ಹಕ್ಕು ಮಾತ್ರ ಇರಲಿಲ್ಲ. ಈ ವತನದ ಕಾಯ್ದೆ ಬದಲಿಸಲು ಬಾಬಾಸಾಹೇಬರು 1928ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ವತನ ರದ್ದಾಗುವ ಕಾಯ್ದೆ ಬಂದದ್ದು 1958ರಲ್ಲಿ, ಬಾಬಾಸಾಹೇಬರು ತೀರಿಕೊಂಡ ಮೇಲೆ.

ಮಹಾಡ ಅಂದಕೂಡಲೆ ನಮಗೆ ಚವದಾರ ಕೆರೆಯ ನೀರು ನೆನಪಾಗತೈತಿ. 1927ರ ಮಾರ್ಚ್‌ನ ಆ ಪರಿಷತ್ತಿನಲ್ಲಿ ಊಟದ ಮಾತೂ ಆಗಿತ್ತು. ಸತ್ತ ದನದ ಮಾಂಸ ಬಿಡಿರಿ, ಎಂಜಲು ರೊಟ್ಟಿಗೆ ಕೈ ಒಡ್ಡಬ್ಯಾಡ್ರಿ ಎಂದು ಬಾಬಾಸಾಹೇಬರು ಕರೆ ಕೊಟ್ಟರು. ಇದು ನಮ್ಮ ನಾಲಿಗೆಯ ರುಚಿಯನ್ನು ಹಳಿದ ಮಾತಲ್ಲ. ಯಾರೋ ಬಿಸಾಕಿದ್ದು ನಮ್ಮ ಪಾಲಿನ ಊಟ ಅಲ್ಲ ಎಂಬ ಮಾತು. ನೀರು ಮುಟ್ಟಿದ ಸಿಟ್ಟಿಗೆ ಬಂದ ಗುಂಪು ಊಟಕ್ಕೆ ಕುಳಿತವರನ್ನು ಹೊಡೆದು, ಅನ್ನವನ್ನು ಮಣ್ಣಾಗ ಕಲಸಿತು.

ಒಂಬತ್ತು ವರ್ಷದ ಮೇಲೆ, 1936ರ ಏಪ್ರಿಲ್‌ನಲ್ಲಿ, ಜೈಪುರ ಸಂಸ್ಥಾನದ ಚಕವಾರಾ ಊರಿನಲ್ಲಿ ಏನಾಯಿತು ಕೇಳ್ರಿ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಬಂಧುಗಳಿಗೆ ಊಟ ಹಾಕಿಸಿದ. ತನ್ನ ದುಡ್ಡು, ತನ್ನ ಜನ, ತನ್ನ ಖುಷಿ. ಆದರ ಊಟದಾಗ ತುಪ್ಪ ಇತ್ತು! ನೂರಾರು ಸವರ್ಣೀಯರು ಲಾಠಿ ಹಿಡಿದು ಬಂದು ಊಟ ಕೆಡಿಸಿದರು, ಉಣ್ಣುವವರನ್ನು ಹೊಡೆದರು. ಬಾಬಾಸಾಹೇಬರು ಅದೇ ವರ್ಷ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ ಇದನ್ನು ದಾಖಲಿಸಿದ್ದಾರೆ. ನಮ್ಮವರು ಹಸಿದು ಕೂತಾಗ ಯಾರಿಗೂ ಸಿಟ್ಟು ಬರಲಿಲ್ಲ. ಒಳ್ಳೆಯದನ್ನು ತಿನ್ನಬೇಕು ಅಂತ ಆಸೆಪಟ್ಟಾಗ ಸಿಟ್ಟು ಬಂತು. ಜಾತಿಗೆ ನಮ್ಮ ಹಸಿವಿಗಿಂತ ನಮ್ಮ ಬಯಕಿಯ ಅಂಜಿಕೆ ಹೆಚ್ಚು.

ದೂರದ ಮಾತು ಬ್ಯಾಡ ಅಂದ್ರ ನಮ್ಮ ಅಕ್ಕಲಕೋಟ ತಾಲೂಕಿನ ಹನ್ನೂರಿಗೆ ಬರ್ರಿ. ಶರಣಕುಮಾರ ಲಿಂಬಾಳೆ ಹುಟ್ಟಿದ ಊರದು. ಅವರ ಮರಾಠಿ ಆತ್ಮಕಥೆ ‘ಅಕ್ಕರಮಾಶಿ’ 1984ರಲ್ಲಿ ಬಂತು. ಸಗಣಿಯೊಳಗಿನ ಜೋಳದ ಕಾಳು ಆರಿಸಿ, ತೊಳೆದು, ಬೀಸಿ ರೊಟ್ಟಿ ಮಾಡಿಕೊಳ್ಳುವ ಅಜ್ಜಿ ಅದರಲ್ಲಿ ಇದ್ದಾಳೆ. ಒಳ್ಳೆಯ ಹಿಟ್ಟಿನ ರೊಟ್ಟಿ ಮೊಮ್ಮಗನಿಗೆ, ಆ ರೊಟ್ಟಿ ತನಗೆ. ನಮ್ಮ ಸೀಮೆಯ ಇತಿಹಾಸ ಬರೆಯುವವರು ಕೋಟೆ, ಸಂಸ್ಥಾನದ ಜೊತೆಗೆ ಆ ಎರಡು ರೊಟ್ಟಿಯನ್ನೂ ಬರೆಯಬೇಕು.

ಇನ್ನು 1972ರ ಬರ. ಹಿರಿಯರಿಗೆ ಆ ಹೆಸರು ಹೇಳಿದರೆ ಸಾಕು. ಬಿಳಿ ಮಾಲದಂಡಿ ಜೋಳಕ್ಕೆ ಹೆಸರಾದ ಸೊಲ್ಲಾಪುರ, ಮಂಗಳವೇಢೆ, ಜತ್ತದ ಕಡೆಯವರು ಖಡಿ ಒಡೆಯುವ ಕಾಮಗಾರಿಗೆ ಹೋದರು. ಅಮೆರಿಕದಿಂದ ಬಂದ ಕೆಂಪು ಮಿಲೊ ಜೋಳ, ಹಂಚುತ್ತಿದ್ದ ಸುಕಡಿ ತಿಂದು ದಿನ ತೆಗೆದರು. ಇವತ್ತು ಮಂಗಳವೇಢೆಯ ಜೋಳಕ್ಕೆ ಜಿಐ ಗುರುತು ಸಿಕ್ಕೈತಿ, ಹೋಟೆಲಿನಾಗ ಜೋಳದ ರೊಟ್ಟಿಗೆ ಮರ್ಯಾದಿ ಬಂದೈತಿ. ಸಂತೋಷ. ಆದರ ಆ ಜೋಳ ಕೊಯ್ದ ಕೈಗಳ ಬಯಕಿ ಏನಿತ್ತು ಅಂತ ಬರೆಯುವ ಕೆಲಸ ಇನ್ನೂ ಬಾಕಿ ಐತಿ.

ಅದಕ್ಕೆ ಈ ವಾರ್ಷಿಕೋತ್ಸವದ ಹೊತ್ತಿನಲ್ಲಿ ನಿಮಗೊಂದು ಕೆಲಸ ಹೇಳುತ್ತೇನೆ. ಒಂದು ನೋಟಬುಕ್ ತಗೊಂಡು ನಿಮ್ಮ ಆಯಿ, ಮುತ್ಯಾ, ದೊಡ್ಡವ್ವನ ಹತ್ತಿರ ಕೂಡ್ರಿ. ಏನು ತಿಂದಿರಿ ಅಂತ ಅಷ್ಟೇ ಕೇಳಬ್ಯಾಡ್ರಿ, ಏನು ತಿನ್ನಬೇಕು ಅನ್ನಿಸತಿತ್ತು ಅಂತಲೂ ಕೇಳ್ರಿ. ಬಸುರಿ ಇದ್ದಾಗ ಏನು ಬಯಸಿದರು, ಮೊದಲ ಪಗಾರದಾಗ ಏನು ತಂದು ತಿಂದರು, ಮಾಂಸ ಹೆಂಗ ಒಣಗಿಸಿ ಇಡತಿದ್ದರು, ಯಾವ ಪಲ್ಯ ಯಾವ ಮಳಿಯಾಗ ಸಿಗತಿತ್ತು, ಎಲ್ಲ ಬರೆದುಕೊಳ್ಳಿರಿ. ನಾವು ಶಾಲೆ ಕಲಿತದ್ದು ಮರಾಠಿಯಲ್ಲಿ, ಕಚೇರಿ ಕಾಗದ ಮರಾಠಿಯಲ್ಲಿ. ಒಲಿಯ ಮುಂದಿನ ಮಾತು ಮಾತ್ರ ಕನ್ನಡ. ಅವರು ಹೋದರೆ ರುಚಿಯ ಸಂಗಾಟ ಆ ಶಬ್ದಗಳೂ ಹೋಗತಾವ. ಅವರು ಹೇಳಿದ ಹಂಗ, ಅವರ ಬಾಯಿಮಾತಿನಲ್ಲೇ ಬರೀರಿ.

ಯಾವುದಕ್ಕೂ ನಾಚಿಕೊಳ್ಳಬ್ಯಾಡ್ರಿ. ನಾಚಬೇಕಾದವರು ತುಪ್ಪದ ಊಟಕ್ಕೆ ಲಾಠಿ ಎತ್ತಿದವರು.