ಗಾಜಿನ ಕೆರೆಗೂ ಒಂದು ಕೋಡಿ

ಕೆರೆಯ ಏರಿ ಎಷ್ಟೇ ಭದ್ರವಾಗಿದ್ದರೂ ಕೋಡಿ ಸರಿಯಾಗಿರದಿದ್ದರೆ ಆ ಕೆರೆ ಬಹುಕಾಲ ಬಾಳದು. ಹೊರದಾರಿ ಕಾಣದ ನೀರು ಏರಿಯ ಮೇಲೆಯೇ ಹರಿದು, ಮಣ್ಣನ್ನು ಕೊರೆದು, ಕೊನೆಗೆ ಕೆರೆಯನ್ನೇ ಒಡೆದುಬಿಡುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಏರಿಯಷ್ಟೇ ಶ್ರದ್ಧೆಯಿಂದ ಕೋಡಿಯನ್ನೂ ಕಟ್ಟಿದರು. ಈ ವಿಷಯವನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಕೆಲವರು ಬಹುಮಹಡಿ ಕಟ್ಟಡಗಳ ಮನೆಗಳಲ್ಲಿ ದೊಡ್ಡ ಗಾಜಿನ ತೊಟ್ಟಿಗಳನ್ನಿರಿಸಿ ಮೀನು ಸಾಕುತ್ತಿದ್ದಾರೆ. ಅಲ್ಲಿ ಉಕ್ಕಿದ ನೀರು ನಮ್ಮ ನೆಲವನ್ನು ತೋಯಿಸಿ ಸುಮ್ಮನಾಗುವುದಿಲ್ಲ. ಕೆಳಮನೆಯವರ ಚಾವಣಿಗೂ ಇಳಿಯುತ್ತದೆ. ತೊಟ್ಟಿಯ ಮೀನುಗಳ ಪ್ರಾಣವೂ ಅದರೊಡನೆ ಹೋಗಬಹುದು.

ನೀರಿನ ಮಟ್ಟವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳುವ ಪ್ರಯತ್ನ ಬಹು ಪ್ರಾಚೀನವಾದುದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದ ಕ್ಟೆಸಿಬಿಯಸ್ ಎಂಬಾತನು ತನ್ನ ಜಲಗಡಿಯಾರದಲ್ಲಿ ಹೆಚ್ಚುವರಿ ನೀರು ಹೊರಹರಿಯುವಂತೆ ಮಾಡಿ ಮಟ್ಟವನ್ನು ಸ್ಥಿರವಾಗಿರಿಸಿದನು. ಅದೇ ನಗರದ ಹೀರೋ ಎಂಬ ವಿದ್ವಾಂಸನು ಕ್ರಿ.ಶ. 1ನೆಯ ಶತಮಾನದಲ್ಲಿ ಸೈಫನ್ ಕೊಳವೆಯ ಗುಣಗಳನ್ನು ವಿವರಿಸಿ ಬರೆದನು. ಇಂದಿನ ಮೀನಿನ ತೊಟ್ಟಿಯ ಕೋಡಿಗೆ ಈ ಎರಡೂ ಅರಿವುಗಳು ಆಧಾರ.

ಮನೆಯೊಳಗಿನ ಮತ್ಸ್ಯಾಗಾರ ರೂಪುಗೊಂಡದ್ದು 19ನೆಯ ಶತಮಾನದಲ್ಲಿ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು ಮೀನು, ಜಲಸಸ್ಯ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿರಿಸಿದರೆ ಪದೇ ಪದೇ ನೀರು ಬದಲಿಸದೆಯೇ ಅವು ಬದುಕಬಲ್ಲವೆಂದು ಪ್ರಕಟಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗೋಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಆ ಕಾಲದ ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ನಿಂತ ನೀರೇ ಇರುತ್ತಿತ್ತು.

ನೀರನ್ನು ಹರಿಯಿಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಕೀರ್ತಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಅವರಿಗೆ ಸಲ್ಲಬೇಕು. ಲಂಡನ್ನಿನಲ್ಲಿ ಅಕ್ವೇರಿಯಂ ಸಾಮಗ್ರಿಗಳ ಅಂಗಡಿಯಿಟ್ಟಿದ್ದ ಇವರು ಮುಂದೆ 1864ರಲ್ಲಿ ತೆರೆದ ಹ್ಯಾಂಬರ್ಗಿನ ಮತ್ಸ್ಯಾಗಾರಕ್ಕೂ 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಗಾರಕ್ಕೂ ವ್ಯವಸ್ಥೆ ರೂಪಿಸಿದರು. ಪ್ರದರ್ಶನದ ತೊಟ್ಟಿಗಳೆಲ್ಲ ಸೇರಿದರೂ ಸಾಟಿಯಾಗದಷ್ಟು ದೊಡ್ಡದಾದ, ಕತ್ತಲೆಯ ಜಲಾಶಯವೊಂದು ನೆಲದಡಿಯಲ್ಲಿ. ಅಲ್ಲಿಂದ ಪಂಪಿನ ಮೂಲಕ ಮೇಲೇರುವ ಸಮುದ್ರಜಲ. ತೊಟ್ಟಿಗಳಿಂದ ಉಕ್ಕಿ ತಾನಾಗಿಯೇ ಕೆಳಗಿಳಿದು ಮತ್ತೆ ಜಲಾಶಯವನ್ನು ಸೇರುವ ಏರ್ಪಾಟು. ನಮ್ಮ ಮನೆಗಳ ‘ಸಂಪು’ ಮತ್ತು ಮೇಲಿನ ಟ್ಯಾಂಕನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಕ್ವೇರಿಯಂ ಸಾಕುವವರೂ ತೊಟ್ಟಿಯ ಕೆಳಗಿನ ಪೆಟ್ಟಿಗೆಯನ್ನು ಸಂಪು ಎಂದೇ ಕರೆಯುತ್ತಾರೆ. 1986ರಲ್ಲಿ ಜಾರ್ಜ್ ಸ್ಮಿಟ್ ಎಂಬವರು ಅಮೆರಿಕೆಯ ಪತ್ರಿಕೆಯೊಂದರಲ್ಲಿ ಬರೆದ ಲೇಖನಮಾಲೆಯಿಂದ ಈ ಪದ್ಧತಿ ಅಲ್ಲಿನ ಹವ್ಯಾಸಿಗಳ ಮನೆಗಳಲ್ಲಿ ವ್ಯಾಪಕವಾಗಿ ಹರಡಿತು.

ಈ ಏರ್ಪಾಟಿನಲ್ಲಿ ಪ್ರಳಯವಾಗುವ ದಾರಿಗಳು ಮುಖ್ಯವಾಗಿ ಎರಡು. ತರಗತಿಯಲ್ಲಿ ಮಾಡುತ್ತಿದ್ದಂತೆ ಲೆಕ್ಕ ಹಾಕಿಯೇ ನೋಡೋಣ.

ಮೊದಲನೆಯದು, ವಿದ್ಯುತ್ತು ಹೋಗಿ ಪಂಪು ನಿಲ್ಲುವುದು. ಆಗ ಮೇಲಿನ ನೀರು ಕೋಡಿಯ ಅಂಚಿನವರೆಗೆ ಇಳಿಯುತ್ತದೆ. ಅಷ್ಟೇ ಅಲ್ಲ, ನೀರನ್ನು ಮೇಲೇರಿಸುತ್ತಿದ್ದ ಕೊಳವೆಯ ಬಾಯಿ ನೀರಿನೊಳಗೆ ಮುಳುಗಿದ್ದರೆ ಅದೇ ಸೈಫನ್ ಆಗಿ ತೊಟ್ಟಿಯನ್ನು ಕೆಳಗೆ ಬಸಿಯತೊಡಗುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ನೀರು 3 ಸೆಂ.ಮೀ. ಇಳಿದರೆ ಕೆಳಗೆ ಬರುವುದು 16 ಲೀಟರಿಗೂ ಹೆಚ್ಚು. ಅಷ್ಟು ನೀರು ಮತ್ತು ಕೊಳವೆಗಳೊಳಗಿನ ನೀರು ಹಿಡಿಸುವಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿ ಇರಬೇಕು. ಮೇಲೇರುವ ಕೊಳವೆಯ ಬಾಯಿಯನ್ನು ನೀರಿನ ಮಟ್ಟದ ಸಮೀಪದಲ್ಲಿಯೇ ಇರಿಸಿ, ಮಟ್ಟಕ್ಕಿಂತ ತುಸು ಕೆಳಗೆ ಅದರಲ್ಲೊಂದು ಸಣ್ಣ ರಂಧ್ರ ಕೊರೆದರೆ, ನೀರು ಅಲ್ಲಿಗಿಳಿದೊಡನೆ ಗಾಳಿ ಒಳನುಗ್ಗಿ ಸೈಫನ್ ಮುರಿಯುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟದಂತೆ ಆಗಾಗ ಶುಚಿಮಾಡುತ್ತಿರಬೇಕು. ಹಿಂದಿರುಗುವ ನೀರನ್ನು ತಡೆಯುವ ವಾಲ್ವನ್ನೊಂದೇ ನಂಬುವುದು ಸಲ್ಲದು; ಕಸವೊಂದು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಎರಡನೆಯದು, ಪಂಪು ನಡೆಯುತ್ತಿರುವಾಗಲೇ ಕೆಳಗಿಳಿಯುವ ದಾರಿ ಕಟ್ಟಿಕೊಳ್ಳುವುದು. ಎಲೆ, ಬಸವನಹುಳು, ಒಮ್ಮೊಮ್ಮೆ ಮೀನೇ ಕೊಳವೆಗೆ ಅಡ್ಡವಾಗಬಹುದು. ಗಾಜಿನ ಅಂಚಿಗೆ ತೂಗುಹಾಕುವ ಪೆಟ್ಟಿಗೆಗಳಲ್ಲಿ ಬಾಗಿದ ಕೊಳವೆಯೊಳಗೆ ಗಾಳಿಗುಳ್ಳೆಗಳು ಸೇರಿ ಸೈಫನ್ ಮುರಿದರೂ ಇದೇ ಗತಿ. ಆಗ ಪಂಪು ತನ್ನ ಅಂಕಣದಲ್ಲಿರುವ ನೀರನ್ನೆಲ್ಲ ಮೇಲಕ್ಕೆ ಸುರಿಯುತ್ತದೆ. ಅದೇ ತೊಟ್ಟಿಯಲ್ಲಿ ನೀರಿನ ಮೇಲೆ 2.5 ಸೆಂ.ಮೀ. ತೆರಪಿದ್ದರೆ ಹಿಡಿಸುವುದು 13.5 ಲೀಟರ್ ಮಾತ್ರ. ಪಂಪಿನ ಅಂಕಣದಲ್ಲಿ 24 ಲೀಟರ್ ಇದ್ದರೆ ಹತ್ತೂವರೆ ಲೀಟರ್ ನೆಲದ ಪಾಲು. 12 ಲೀಟರ್ ಮಾತ್ರ ಇದ್ದರೆ ಪಂಪು ಬರಿದಾಗಿ ಓಡಿ ಕೆಡಬಹುದೇ ಹೊರತು ಮನೆ ಉಳಿಯುತ್ತದೆ. ಆದ್ದರಿಂದ ಈ ಅಂಕಣವನ್ನು ಚಿಕ್ಕದಾಗಿಯೇ ಇಡುವುದು ಲೇಸು. ಸಂಪು ದೊಡ್ಡದಾಗಿರಲಿ, ಪಂಪಿಗೆ ಸಿಗುವ ನೀರು ಮಿತವಾಗಿರಲಿ.

ಸಾಧ್ಯವಾದಲ್ಲಿ ಗಾಜನ್ನು ಕೊರೆಯಿಸಿ ಕೊಳವೆ ಕೂಡಿಸುವುದು ತೂಗುಪೆಟ್ಟಿಗೆಗಿಂತ ಮೇಲು. ಆದರೆ ಕಾಯಿಸಿ ಗಟ್ಟಿಮಾಡಿದ ಟೆಂಪರ್ಡ್ ಗಾಜನ್ನು ಎಂದಿಗೂ ಕೊರೆಯಬಾರದು, ಅದು ಪುಡಿಪುಡಿಯಾಗುತ್ತದೆ. ಒಂದು ಕೊಳವೆಯ ಜೊತೆಗೆ ತುಸು ಎತ್ತರದಲ್ಲಿ ಮತ್ತೊಂದು ಒಣ ಕೊಳವೆಯಿರಲಿ. ಮೊದಲನೆಯದು ಕಟ್ಟಿಕೊಂಡ ದಿನ ಎರಡನೆಯದು ಕೆಲಸಕ್ಕೆ ಬರುತ್ತದೆ. ಎರಡಕ್ಕೂ ಜಾಲರಿ ಹಾಕಿಸಿ.

ಎಲ್ಲ ಜೋಡಿಸಿದ ಮೇಲೆ, ಮೀನು ಬಿಡುವ ಮೊದಲು, ಎರಡು ಪರೀಕ್ಷೆ ಮಾಡಿ. ಪಂಪಿನ ಸ್ವಿಚ್ಚು ಆರಿಸಿ, ಸಂಪಿನ ನೀರು ಎಲ್ಲಿಗೆ ಏರಿ ನಿಲ್ಲುತ್ತದೆಂದು ನೋಡಿ, ಮತ್ತೆ ಹಾಕಿದಾಗ ಕೋಡಿ ತಾನಾಗಿ ಹರಿಯುವುದೇ ಗಮನಿಸಿ. ಅನಂತರ, ಪಕ್ಕದಲ್ಲೇ ನಿಂತು, ಕೆಳಗಿಳಿಯುವ ಮುಖ್ಯ ಕೊಳವೆಯನ್ನು ಮುಚ್ಚಿ ನೋಡಿ. ಬಳಿಕ ಒಣ ಕೊಳವೆಯನ್ನೂ ಮುಚ್ಚಿ ನೋಡಿ. ನೀರು ಅಂಚು ಮೀರದಿದ್ದರೆ ನಿಮ್ಮ ಲೆಕ್ಕ ಸರಿ. ಕೋಡಿಯ ಯೋಗ್ಯತೆ ತಿಳಿಯುವುದು ಮಳೆಗಾಲದಲ್ಲಿ; ಮನೆಯ ತೊಟ್ಟಿಗೆ ಆ ಮಳೆಗಾಲವನ್ನು ನಾವೇ ಮುಂಚಿತವಾಗಿ ತಂದು ನೋಡಬಹುದೆಂಬುದೇ ಒಂದು ಸೌಕರ್ಯ. ಅದನ್ನು ಬಿಡಬೇಡಿ.